ಬಲಗಡೆಯ ಬಿಸಿಲು

ಬಿಸಿಲಿನ ಮೇಲೆ ಸಿಟ್ಟು ಮಾಡಿಕೊಂಡವನನ್ನು ಯಾರು ತಾನೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಚನ್ನೇಶನ ಸಿಟ್ಟಿಗೆ ಮನೆಯಲ್ಲಿ ಅವ್ವ ನಕ್ಕಳು, ಬಸ್ಸಿನಲ್ಲಿ ಕಾಲೇಜು ಹುಡುಗಿಯರು ನಕ್ಕರು, ಬಸ್ಸಿನ ಮಾಲೀಕ ಪ್ರಭುಲಿಂಗಪ್ಪನವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವವರಿಗೇನು, ಮುಖ ಅವರದಲ್ಲವಲ್ಲ.

ಚನ್ನೇಶ ಕುಪ್ಪೇಲೂರಿನ ಹುಡುಗ. ಇಪ್ಪತ್ತನಾಲ್ಕರ ಪ್ರಾಯ. ನೋಡಲು ಲಕ್ಷಣವಾಗಿದ್ದ, ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು. ಬ್ಯಾಡಗಿಯ ಕಾವ್ಯಾಳ ಜೊತೆ ನಿಶ್ಚಯವಾಗಿತ್ತು, ಯುಗಾದಿ ಕಳೆದ ಮೇಲೆ ಲಗ್ನ. ಕೆಲಸವೂ ಕೈಯಲ್ಲಿತ್ತು. ಪ್ರಭುಲಿಂಗಪ್ಪನವರದು ಎರಡು ಬಸ್ಸು. ಒಂದು ರಾಣೆಬೆನ್ನೂರಿನಿಂದ ಕಾಲೇಜು ಮಕ್ಕಳನ್ನು ಹತ್ತಿಸಿಕೊಂಡು ಬ್ಯಾಡಗಿ, ಮೋಟೆಬೆನ್ನೂರಿನ ಮೇಲೆ ಹಾವೇರಿಗೆ ಹೋಗುವುದು. ಇನ್ನೊಂದು ಹಾವೇರಿ, ಅಗಡಿ ಕಡೆಯ ಹೆಣ್ಣುಮಕ್ಕಳನ್ನು ಅದೇ ದಾರಿಯಲ್ಲಿ ರಾಣೆಬೆನ್ನೂರಿನ ಬೀಜದ ಕಂಪನಿಗೆ ತರುವುದು. ಚನ್ನೇಶನಿಗೆ ಸಿಕ್ಕಿದ್ದು ಕಾಲೇಜು ಬಸ್ಸು.

ಆ ಬಸ್ಸಿನ ಕಥೆಯೇ ಬೇರೆ. ಬೆಳಿಗ್ಗೆ ಹಾವೇರಿಯ ಕಡೆ ಮುಖ ಮಾಡಿದರೆ ಡ್ರೈವರನ ಬಲಗೆನ್ನೆ ಮೂಡಣಕ್ಕೆ. ಮಧ್ಯಾಹ್ನದ ಮೇಲೆ ರಾಣೆಬೆನ್ನೂರಿನ ಕಡೆ ತಿರುಗಿಸಿದರೆ ಅದೇ ಬಲಗೆನ್ನೆ ಪಡುವಣಕ್ಕೆ. ಹೋಗುವಾಗಲೂ ಬರುವಾಗಲೂ ಸೂರ್ಯ ಆ ಬಲಗಡೆಯ ಕಿಟಕಿಯನ್ನು ಬಿಟ್ಟು ಕದಲುವುದಿಲ್ಲ. ಹಾವೇರಿಯಿಂದ ಬರುವ ಬಸ್ಸಿನವನಿಗೆ ಎಲ್ಲ ತಿರುವುಮುರುವು. ಎರಡು ಹೊತ್ತೂ ಬಿಸಿಲು ಎಡಕ್ಕೆ, ಬಾಗಿಲಿನ ಕಡೆಗೆ. ಅವನು ನೆರಳಿನಲ್ಲಿ ಕೂತು ಗಾಡಿ ಓಡಿಸಿ ನೆರಳಿನಲ್ಲೇ ಮನೆಗೆ ಹೋಗುತ್ತಾನೆ. ಒಂದೇ ದಾರಿ, ಒಬ್ಬನೇ ಮಾಲೀಕ, ಪಾಲು ಮಾತ್ರ ಹೀಗೆ.

ಈ ವಿಷಯ ಚನ್ನೇಶನಿಗೆ ತಾನಾಗಿ ಹೊಳೆದದ್ದಲ್ಲ. ಅವನಿಗಿಂತ ಮೊದಲು ಇಪ್ಪತ್ತು ವರ್ಷದ ಮೇಲೆ ಆ ಸೀಟಿನಲ್ಲಿ ಕೂತವರು ಮಲಂಗಸಾಬರು. ಚನ್ನೇಶನಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವರೂ ಅವರೇ. ಮಗಳನ್ನು ಹಾವೇರಿಗೆ ಕೊಟ್ಟ ಮೇಲೆ ಗಂಡ ಹೆಂಡತಿ ಅಲ್ಲೇ ಮನೆ ಮಾಡಿದರು. ಅದೇ ಹೊತ್ತಿಗೆ ಹಾವೇರಿ ಬಸ್ಸಿನ ದಿಲಾವರ ಸ್ವಂತ ಟೆಂಪೊ ತೆಗೆದುಕೊಂಡು ಕೆಲಸ ಬಿಟ್ಟ. ಮಲಂಗಸಾಬರು ಆ ಬಸ್ಸಿಗೆ ಹೋದರು, ಇವರ ಸೀಟು ಚನ್ನೇಶನಿಗೆ ಬಂತು. ಎಲ್ಲರಿಗೂ ಅನುಕೂಲವಾಯಿತು ಎಂದು ಎಲ್ಲರೂ ಅಂದುಕೊಂಡರು.

ಆಯುಧ ಪೂಜೆಯ ದಿನ ಎರಡೂ ಬಸ್ಸು ತೊಳೆದು, ಬಾಳೆಕಂಬ ಕಟ್ಟಿ, ಚನ್ನೇಶ ಮೊಬೈಲಿನಲ್ಲಿ ಕಂಡದ್ದೆಲ್ಲ ಫೋಟೊ ಹೊಡೆದ. ಕಾವ್ಯಾಳಿಗೆ ಕಳಿಸಿದ. ಅವಳು ಬ್ಯಾಡಗಿಯ ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕೆಲಸಕ್ಕಿದ್ದಳು. ಬಳೆ, ಕ್ಲಿಪ್ಪು, ಪೌಡರು, ಕ್ರೀಮು ಮಾರುವ ಕೆಲಸ. ಸಂಜೆ ಫೋನ್ ಮಾಡಿದಳು.

“ಬಸ್ಸಿಗೆ ಹಾರ ಹಾಕಾಕತ್ತೋರು ನಿಮ್ಮ ಮಲಂಗಸಾಬ ಚಾಚಾ ಅಲ್ರಿ? ಇನ್ನೊಂದು ಫೋಟೋದಾಗ ಚಾ ಕುಡಿಯಾಕತ್ತೋರು ಅವರ ಅಪ್ಪಾನ?”

“ಅವರಪ್ಪ ಎಲ್ಲಿ ಬಂದ? ಎರಡೂ ಅವರ ಫೋಟೋನ.”

“ಸುಳ್ಳು ಹೇಳಬ್ಯಾಡ್ರಿ.”

ಚನ್ನೇಶ ನಕ್ಕ. ಆಮೇಲೆ ಫೋಟೊ ದೊಡ್ಡದು ಮಾಡಿ ನೋಡಿದ. ನಗು ಅಲ್ಲಿಗೇ ನಿಂತಿತು. ಹಾರ ಹಾಕುವಾಗ ಎಡಗಡೆಯಿಂದ ತೆಗೆದದ್ದರಲ್ಲಿ ನಲವತ್ತೈದರ ಗಟ್ಟಿ ಗಂಡಸು. ಚಹಾ ಕುಡಿಯುವಾಗ ಬಲಗಡೆಯಿಂದ ತೆಗೆದದ್ದರಲ್ಲಿ ಅರವತ್ತೈದರ ಮುದುಕ. ಬಲಗೆನ್ನೆ ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ನೆರಿಗೆ ನೆರಿಗೆ. ಕಣ್ಣಿನ ಕೆಳಗೆ ಚರ್ಮ ಜೋತುಬಿದ್ದಿದೆ, ಕಿವಿಯವರೆಗೂ ಕಂದು ಕಲೆ. ಇಷ್ಟು ವರ್ಷ ದಿನವೂ ನೋಡಿದ ಮುಖ, ಈ ವ್ಯತ್ಯಾಸ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಮಲಂಗಸಾಬರ ವಾರಿಗೆಯವನೇ ಆದ ದಿಲಾವರನ ಫೋಟೊವನ್ನೂ ಹುಡುಕಿ ನೋಡಿದ. ಅವನ ಎರಡೂ ಕೆನ್ನೆ ಒಂದೇ ತರ ಇದ್ದವು.

“ಗಾಜಿನ್ಯಾಗಿಂದನೂ ಬಿಸಿಲು ಒಳಗ ಬರತೈತ್ರಿ,” ಅಂದಳು ಕಾವ್ಯಾ, ಇದನ್ನೆಲ್ಲ ಕೇಳಿ. “ಸುಡೂದಿಲ್ಲ, ಅದಕ್ಕ ಗೊತ್ತಾಗೂದಿಲ್ಲ. ನೆರಗಿ ಬಿದ್ದಮ್ಯಾಗ ಯಾ ಕ್ರೀಮ್ ಹಚ್ಚಿದ್ರೂ ಹೋಗೂದಿಲ್ಲ. ಬೀಳೂದಕ್ಕಿಂತ ಮೊದಲ ಹಚ್ಚಬೇಕು. ಈಗಿಂದನ, ಈ ವಯಸ್ಸಿನ್ಯಾಗಿಂದನ.”

ಅಂದಿನಿಂದ ಚನ್ನೇಶನ ನೆಮ್ಮದಿ ಹೋಯಿತು. ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುವ ಬದಲು ಬಲಗೆನ್ನೆ ನೋಡಿಕೊಳ್ಳತೊಡಗಿದ. ನಗುವಾಗ ಕಣ್ಣಿನ ಅಂಚಿನಲ್ಲಿ ಮೂಡುವ ಗೆರೆ ನಗು ಮುಗಿದ ಮೇಲೆ ಹೋಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಒಬ್ಬನೇ ಕೂತು ನಗುತ್ತಿದ್ದ. ಹುಡುಗನಿಗೆ ಲಗ್ನದ ಸಂಭ್ರಮ ಎಂದು ಜನ ತಿಳಿದರು.

ಕಾವ್ಯಾ ಅಂಗಡಿಯಿಂದಲೇ ಸನ್‌ಸ್ಕ್ರೀನ್ ಟ್ಯೂಬೊಂದನ್ನು ಕೊಟ್ಟಳು. ಬಿಸಿಲು ಬೀಳುವುದು ಬಲಕ್ಕೆ, ಎಡಕ್ಕೆ ಯಾಕೆ ದಂಡ ಮಾಡುವುದು ಎಂದು ಈ ಜಾಣ ಮುಖದ ಬಲ ಅರ್ಧಕ್ಕೆ ಮಾತ್ರ ಬಳಿದುಕೊಂಡು ಬಸ್ಸು ಹತ್ತಿದ. ಕಪ್ಪು ಮುಖದ ಮೇಲೆ ಅದು ಸುಣ್ಣ ಹಚ್ಚಿದ ಹಾಗೆ ಎದ್ದು ಕಂಡಿತು.

“ಅಣ್ಣಾ, ಅರ್ಧ ಮಾರಿ ತೊಳ್ಕೊಳ್ಳೋದು ಮರ್ತು ಬಂದೀರಿ,” ಎಂದು ಮುಂದಿನ ಸೀಟಿನ ಹುಡುಗಿ ಕೂಗಿದಳು. ಬಸ್ಸಿಗೆ ಬಸ್ಸೇ ಗೊಳ್ಳೆಂದಿತು.

ಮನೆಯಲ್ಲಿ ಅವ್ವ ಉಚ್ಚಂಗೆವ್ವ ಟ್ಯೂಬನ್ನು ಮೂಸಿ ನೋಡಿದಳು. “ಲಗ್ನಕ್ಕ ಬೆಳ್ಳಗಾಗಾಕ ಹಚ್ಚಾಕತ್ತೀಯೇನ?”

“ಬೆಳ್ಳಗಾಗಾಕ ಅಲ್ಲಬೇ ಯವ್ವಾ. ಮುದುಕ ಆಗಬಾರದಂತ.”

“ಇಪ್ಪತ್ನಾಕಕ್ಕ ಯಾವನು ಮುದುಕ ಆಗ್ತಾನೋ?”

“ಈಗ ಅಲ್ಲ, ಮುಂದ.”

“ಮುಂದ ಎಲ್ಲಾರೂ ಆಗ್ತೀವಿ,” ಎಂದು ಉಚ್ಚಂಗೆವ್ವ ಟ್ಯೂಬನ್ನು ಗೋಡೆಯ ಮಾಡದಲ್ಲಿಟ್ಟು ರೊಟ್ಟಿ ಬಡಿಯಲು ಹೋದಳು. ಬೆಳ್ಳಗಾಗುವ ಆಸೆಯನ್ನಾದರೂ ಜನ ಒಪ್ಪುತ್ತಾರೆ. ಮುಪ್ಪನ್ನು ಇಪ್ಪತ್ತರ ವಯಸ್ಸಿನಲ್ಲೇ ತಡೆಯುತ್ತೇನೆ ಎಂದರೆ ತಲೆ ಸರಿಯಿದೆಯೇ ಎಂದು ನೋಡುತ್ತಾರೆ. ಔಷಧ ಕುಡಿದರೆ ಜ್ವರ ಇಳಿದದ್ದು ಕಾಣುತ್ತದೆ. ಇದು ಹಚ್ಚಿದರೆ ಕಾಣುವುದು ಏನೂ ಇಲ್ಲ. ಬಾರದೆ ಇರುವ ನೆರಿಗೆಯನ್ನು ಯಾರಿಗೆ ತೋರಿಸುವುದು? ಚನ್ನೇಶನಿಗೆ ಇದೇ ದೊಡ್ಡ ಸಂಕಟವಾಗಿತ್ತು.

ಆದರೂ ಛಲ ಬಿಡಲಿಲ್ಲ. ಮುಖಕ್ಕೆಲ್ಲ ಹಚ್ಚಿಕೊಂಡ, ಕುತ್ತಿಗೆಗೂ ಹಚ್ಚಿಕೊಂಡ. ಅಷ್ಟರಲ್ಲಿ ಮೆಣಸಿನಕಾಯಿಯ ಸುಗ್ಗಿ ಬಂತು. ಬ್ಯಾಡಗಿ ಮಾರ್ಕೆಟ್ಟಿನ ದಿನ ರಸ್ತೆಯ ತುಂಬ ಚೀಲ ಹೊತ್ತ ಗಾಡಿಗಳು, ಗಾಳಿಯ ತುಂಬ ಘಾಟು. ಬಸ್ಸು ಸಾಲಿನಲ್ಲಿ ಸಿಕ್ಕಿ ನಿಂತಿತು. ಸೆಕೆಗೆ ಕಿಟಕಿ ತೆರೆದಿದ್ದ. ಉಳಿದವರ ಮೂಗಿಗೆ ಮಾತ್ರ ಹೋಗುವ ಮೆಣಸಿನಕಾಯಿ ಧೂಳು ಕ್ರೀಮಿನ ಅಂಟಿಗೆ ಚನ್ನೇಶನ ಇಡೀ ಕೆನ್ನೆಗೆ ಮೆತ್ತಿಕೊಂಡಿತು. ಬೆವರು ಒರೆಸಲು ಕೈ ಹಾಕಿದ, ಉರಿ ಕಣ್ಣಿಗೂ ಹತ್ತಿತು. ಅಯ್ಯಯ್ಯೋ ಎಂದು ಬಸ್ಸು ಬದಿಗೆ ಹಾಕಿ ಇಳಿದು, ಹುಡುಗಿಯರ ಬಾಟಲಿ ನೀರನ್ನೆಲ್ಲ ಮುಖಕ್ಕೆ ಸುರಿದುಕೊಂಡ. ಕಾಲೇಜು ತಡವಾಯಿತು, ಪ್ರಿನ್ಸಿಪಾಲರಿಂದ ಪ್ರಭುಲಿಂಗಪ್ಪನವರಿಗೆ ಫೋನ್ ಹೋಯಿತು.

“ಸಾವಕಾರ್ರ, ಕ್ರೀಮ್ ಬ್ಯಾಡ. ಕಿಟಕಿ ಗಾಜಿಗೆ ಕರಿ ಫಿಲ್ಮ್ ಹಾಕಸಿಕೊಡ್ರಿ,” ಎಂದು ಬೇಡಿಕೊಂಡ.

“ಕಾಲೇಜ್ ಬಸ್ಸಿಗೆ ಫಿಲ್ಮ್ ಹಾಕಿದ್ರ ಪೊಲೀಸರು ನನಗ ಹಾರ ಹಾಕ್ತಾರೇನ?” ಅಂದರು ಅವರು. ಚನ್ನೇಶ ಕಿಟಕಿಗೆ ಟವೆಲ್ ಕಟ್ಟಿ ನೋಡಿದ. ಹಾವೇರಿಯಲ್ಲಿ ಪೊಲೀಸನೊಬ್ಬ, ಕನ್ನಡಿ ಹೇಗೆ ಕಾಣುತ್ತದೆ ಎಂದು ಬೈದು ಕಿತ್ತು ಕೈಗೆ ಕೊಟ್ಟ. ಎಲ್ಲ ಬಾಗಿಲೂ ಮುಚ್ಚಿದವು. ಉಳಿದದ್ದು ಒಂದೇ, ಟ್ರಿಪ್ಪು ಬದಲಿ. ಹಾವೇರಿಯಿಂದ ಹೊರಡುವ ಬಸ್ಸು ಸಿಕ್ಕರೆ ಕ್ರೀಮೂ ಬೇಡ, ಟವೆಲ್ಲೂ ಬೇಡ. ಆ ಬಸ್ಸಿನಲ್ಲಿ ಈಗ ಯಾರಿದ್ದಾರೆ ಎಂಬುದು ಚನ್ನೇಶನ ತಲೆಗೆ ಬರಲೇ ಇಲ್ಲ. ಬಂದಿದ್ದರೂ ಅದನ್ನು ಪಕ್ಕಕ್ಕೆ ತಳ್ಳುವಷ್ಟು ಅವನು ಬೇಸತ್ತಿದ್ದ.

ಒಂದು ರವಿವಾರ ರಾಣೆಬೆನ್ನೂರಿನ ಶೆಡ್ಡಿನಲ್ಲಿ ಎರಡೂ ಬಸ್ಸಿಗೆ ಆಯಿಲ್ ಬದಲಿಸುತ್ತಿದ್ದರು. ಪ್ರಭುಲಿಂಗಪ್ಪನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಮಲಂಗಸಾಬರು ಹಾವೇರಿಯಿಂದ ತಂದ ಬಸ್ಸಿನ ಚಕ್ರಕ್ಕೆ ಗಾಳಿ ನೋಡುತ್ತಿದ್ದರು. ಚನ್ನೇಶ ವಿಷಯ ಎತ್ತಿದ.

“ಟ್ರಿಪ್ ಬದಲಿ ಮಾಡ್ಬೇಕಾ? ಯಾಕಪಾ?” ಪ್ರಭುಲಿಂಗಪ್ಪನವರು ನಗಲು ಶುರುಮಾಡಿದರು. “ಮಾರಿ ಕೆಡತೈತಿ ಅಂತಾನಾ? ಸಿನಿಮಾಕ್ಕ ಏನರ ಹೊಂಟೀಯೇನ? ಡ್ರೈವರನ ಮಾರಿ ಯಾರು ನೋಡ್ತಾರೋ, ಬ್ರೇಕ್ ನೆಟ್ಟಗಿದ್ರ ಆತು.”

ಮೆಕ್ಯಾನಿಕ್ಕೂ ನಕ್ಕ. ಮೂರು ನಾಲ್ಕು ತಿಂಗಳಿಂದ ಎಲ್ಲರ ನಗು ನುಂಗಿಕೊಂಡಿದ್ದ ಚನ್ನೇಶನಿಗೆ ಇನ್ನು ತಡೆಯಲಾಗಲಿಲ್ಲ. ಮೊಬೈಲು ತೆಗೆದು ಆ ಎರಡು ಫೋಟೊ ಪ್ರಭುಲಿಂಗಪ್ಪನವರ ಮೂಗಿನ ಮುಂದೆ ಹಿಡಿದ.

“ನೋಡ್ರಿ! ಇದು ಮಗ, ಇದು ಅಪ್ಪ ಅಂತ ತಿಳಿದ್ಲು ಕಾವ್ಯಾ. ಎರಡೂ ಒಬ್ಬರದ! ನಿಮ್ಮ ಬಸ್ಸಿನ್ಯಾಗ ಕುಂತು ಕುಂತು ಚಾಚಾನ ಅರ್ಧ ಮಾರಿ ಮುದುಕಂದು ಆಗೇತಿ. ನಾನೂ ಹಿಂಗ ಆಗ್ಬೇಕಾ? ಈ ಮಾರಿ ಹೊತ್ಕೊಂಡು ಹೆಂಗ ಅಡ್ಡಾಡ್ಲಿ?”

ಮಲಂಗಸಾಬರು ಗಾಳಿ ನೋಡುವುದನ್ನು ಬಿಟ್ಟು ಎದ್ದು ಬಂದರು. ಕೈ ಒರೆಸಿಕೊಂಡು, “ತಾ ಇಲ್ಲಿ,” ಎಂದು ಮೊಬೈಲು ತೆಗೆದುಕೊಂಡರು. ಒಂದು ಫೋಟೊ ನೋಡಿದರು, ಸರಿಸಿ ಇನ್ನೊಂದು ನೋಡಿದರು, ಮತ್ತೆ ಮೊದಲಿನದು ನೋಡಿದರು. ಆಮೇಲೆ ಬಸ್ಸಿನ ದೊಡ್ಡ ಕನ್ನಡಿಯ ಹತ್ತಿರ ಹೋಗಿ ಮುಖವನ್ನು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಹೊರಳಿಸಿದರು.

“ಇದು ಹಲ್ಲು ತಗಸಿದಾಗಿಂದ ಹಿಂಗ ಆಗೇತಿ,” ಅಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

“ಹಲ್ಲಿಂದಲ್ಲ ಚಾಚಾ, ಬಿಸಿಲಿಂದು. ದಿಲಾವರನ್ನ ನೋಡ್ರಿ, ಅವಂದು ಹಿಂಗ ಆಗೇತೇನು?” ಚನ್ನೇಶ ಆಗಲೂ ಬಾಯಿ ಮುಚ್ಚಲಿಲ್ಲ. ಕೊನೆಗೂ ಒಬ್ಬರು ಕೇಳುತ್ತಿದ್ದಾರಲ್ಲ ಎಂಬ ಹುಮ್ಮಸ್ಸು. “ಟ್ರಿಪ್ ಕೊಡ್ಲಿಲ್ಲಂದ್ರ ನಾ ಬಿಡ್ತೀನ್ರಿ ಸಾವಕಾರ್ರ, ನಾಳಿಂದನ ಬರೂದಿಲ್ಲ.”

ಡ್ರೈವರು ಸಿಗುವುದು ಈಗ ಕಷ್ಟ, ಅದೂ ನಡು ಸುಗ್ಗಿಯಲ್ಲಿ. ಪ್ರಭುಲಿಂಗಪ್ಪನವರು ನಗು ನಿಲ್ಲಿಸಿ ಲೆಕ್ಕ ಹಾಕಿದರು. ಹುಡುಗ ಬಿಟ್ಟರೆ ಎಲ್ಲಿಯಾದರೂ ಕೆಲಸ ಸಿಗುತ್ತದೆ. ಮಲಂಗಸಾಬರು ಬಿಡುವುದಿಲ್ಲ, ಬಿಟ್ಟರೆ ಅವರನ್ನು ಕರೆಯುವವರಿಲ್ಲ. “ಏನಂತೀರಿ ಮಲಂಗಸಾಬ? ಕಾಲೇಜ್ ಬಸ್ಸು ನಿಮಗ ಹಳೇದ. ಮಲಗಾಕ ಶೆಡ್ಡಿನ್ಯಾಗ ಖೋಲಿ ಐತಿ. ಮಧ್ಯಾಹ್ನ ಹಾವೇರಿಯೊಳಗ ಮನಿ ಊಟ ಹೆಂಗೂ ಆಗತೈತಿ.”

“ಆತ್ರಿ,” ಅಂದರು ಮಲಂಗಸಾಬರು, ಕನ್ನಡಿಯ ಮುಂದಿನಿಂದ ಕದಲದೆ.

ಸೋಮವಾರದಿಂದ ಚನ್ನೇಶ ಹಾವೇರಿಯವನಾದ. ಒಂದು ಖೋಲಿ ಹಿಡಿದ. ಬೆಳಿಗ್ಗೆ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೊರಟರೆ ಬಲಗೆನ್ನೆಯ ಮೇಲೆ ಒಂದು ಹನಿ ಬಿಸಿಲಿಲ್ಲ. ಕಾವ್ಯಾ ಫೋನಿನಲ್ಲಿ, “ಈಗ ಆರಾಮ ಆತಲ್ರಿ?” ಎಂದು ಕೇಳಿದಳು. ಆರಾಮವೇ ಆಗಿತ್ತು. ಆದರೆ ಬ್ಯಾಡಗಿಗೂ ಮೋಟೆಬೆನ್ನೂರಿಗೂ ನಡುವಿನ ದಾರಿಯಲ್ಲಿ ಎರಡು ಬಸ್ಸು ಎದುರಾಗುವಾಗ ಇಬ್ಬರು ಡ್ರೈವರರ ಬಲಗಡೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಮೊದಲ ದಿನ ಚನ್ನೇಶ ಕೈ ಎತ್ತಿದ. ಮಲಂಗಸಾಬರು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿಕೊಂಡು ಹಾರ್ನ್ ಮಾತ್ರ ಹೊಡೆದು ಹೋದರು. ಮರುದಿನವೂ ಹಾಗೆಯೇ ಆಯಿತು. ಸಿಟ್ಟಾಗಿದ್ದಾರೆ, ಇಳಿದೀತು ಎಂದುಕೊಂಡ ಚನ್ನೇಶ.

ಬಸ್ಸಿನ ಇನ್ನೊಂದು ಕೀಲಿ ಮಲಂಗಸಾಬರ ಮನೆಯಲ್ಲೇ ಉಳಿದಿತ್ತು. ಅದನ್ನು ತರಲು ಒಂದು ಸಂಜೆ ಹೋದ. ಅವರ ಹೆಂಡತಿ ಜೈತೂನಬಿ ಬಾಗಿಲು ತೆರೆದಳು. ಮೊದಲಿನ ಹಾಗೆ, “ಬಾರೋ, ಕುಂದ್ರು, ಚಾ ಇಡ್ತೀನಿ,” ಅನ್ನಲಿಲ್ಲ. ಕೀಲಿ ತಂದು ಕೈಗೆ ಕೊಟ್ಟಳು. ಕೊಟ್ಟ ಮೇಲೂ ಬಾಗಿಲು ಹಿಡಿದು ನಿಂತಳು.

“ಮಾರಿ ಸುದ್ದಿ ಅವರ ಮುಂದ ಯಾಕ ತಗದಿ?”

“ನಾ ಅವರಿಗೆ ಅನ್ಬೇಕಂತ ಅನ್ಲಿಲ್ಲ ಚಾಚಿ. ಸಾವಕಾರ್ರು ತಿಳ್ಕೊಳ್ಳಿ ಅಂತ ಅಂದೆ. ಅವರು ಹಲ್ಲಿಂದ ಆಗೇತಿ ಅಂತ ತಿಳದಿದ್ರು…”

“ಹಲ್ಲಿಂದು ಅಂತ ಹೇಳಿದಾಕಿ ನಾನ.” ಜೈತೂನಬಿಯ ದನಿ ಏರಲಿಲ್ಲ. “ದಿನಾ ಎರಡೂ ಕಡೆ ನೋಡಾಕಿ ನಾನು. ನನಗ ಗೊತ್ತಿರೂದಿಲ್ಲಾ? ಒಂದು ದಿನ ಕ್ಷೌರ ಮಾಡ್ಕೊಳ್ಳೋವಾಗ ಅವರ ಕೇಳಿದ್ರು, ಈ ಕಡಿ ಯಾಕ ಹಿಂಗ ಅಂತ. ಆಗಷ್ಟ ಹಲ್ಲು ತಗಸಿದ್ರು. ಅದಕ್ಕ ಹಂಗ ಕಾಣತೈತಿ ಅಂದೆ. ನಂಬಿದ್ರು. ಆವತ್ತಿಂದ ಮತ್ತ ಒಮ್ಮೆನೂ ಕೇಳ್ಲಿಲ್ಲ, ಆರಾಮ ಇದ್ರು. ಹೊಟ್ಟಿಪಾಡಿನ ಬಸ್ಸು, ಬಿಡಾಕ ಬರೂದಿಲ್ಲ. ಗೊತ್ತಾಗಿ ಏನು ಮಾಡಬೇಕಿತ್ತು?”

ಚನ್ನೇಶ ಕೀಲಿಯನ್ನು ಅಂಗೈಯಲ್ಲಿ ಹೊರಳಿಸುತ್ತ ನಿಂತ.

“ಈಗ ಮಧ್ಯಾಹ್ನ ಊಟಕ್ಕ ಬರ್ತಾರ. ಬಲಗಡಿ ಗ್ವಾಡಿಗೆ ಮಾಡಿ ಕುಂದರ್ತಾರ. ನಾ ಬಡಿಸಾಕ ಆ ಕಡಿ ಹೋದ್ರ ಕೈ ಅಡ್ಡ ಹಿಡೀತಾರ. ನನ್ನ ಮುಂದ!” ಎಂದು ಜೈತೂನಬಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಚನ್ನೇಶನಿಗೆ ರೇಗಿಹೋಯಿತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳು ಯಾವುದು? ಬಿಸಿಲು ಸುಳ್ಳೇ, ಕೆನ್ನೆ ಸುಳ್ಳೇ? ತನ್ನ ಮುಖ ಉಳಿಸಿಕೊಳ್ಳಬೇಕು ಎನ್ನುವುದು ತಪ್ಪೇ? ಯಾವುದೂ ತಪ್ಪಲ್ಲ. ಹಾಗಿದ್ದರೂ ಖೋಲಿಗೆ ಬಂದವನೇ ಪ್ರಭುಲಿಂಗಪ್ಪನವರಿಗೆ ಫೋನ್ ಮಾಡಿ, ಹಳೇ ಟ್ರಿಪ್ಪೇ ಇರಲಿ ಅಂದ. “ಹುಡುಗಾಟ ಹಚ್ಚೀಯೇನ?” ಎಂದು ಅವರು ಗದರಿದರು. “ನಾನೂ ಮೊನ್ನೆ ಕೇಳಿದೆ ಮಲಂಗಸಾಬಗ, ಹಾವೇರಿ ಬಸ್ಸು ತಿರುಗಿ ಬೇಕೇನಂತ. ಬ್ಯಾಡ ಅಂದಾನ.”

ಮರುದಿನ ಬೆಳಿಗ್ಗೆ ಬ್ಯಾಡಗಿಯ ದಾರಿಯಲ್ಲಿ ದೂರದಲ್ಲಿ ಕಾಲೇಜು ಬಸ್ಸು ಕಂಡ ಕೂಡಲೇ ಚನ್ನೇಶ ತನ್ನ ಬಸ್ಸನ್ನು ಬದಿಗೆ ನಿಲ್ಲಿಸಿ ಇಳಿದ. ಹಿಂದಿನಿಂದ ಬೀಜದ ಕಂಪನಿಯ ಹೆಣ್ಣುಮಕ್ಕಳು, “ಹೊತ್ತಾಗತೈತಿ, ಎಲ್ಲಿಗೆ ಹೊಂಟಿ?” ಎಂದು ಕೂಗಿದರು. ಅವನು ಮುಂದೆ ಓಡಿ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತ. ಮಲಂಗಸಾಬರು ಬ್ರೇಕ್ ಹಾಕಿದರು. ಚನ್ನೇಶ ಡ್ರೈವರನ ಕಿಟಕಿಯ ಹತ್ತಿರ ಹೋದ. ಬೆಳಗಿನ ಬಿಸಿಲು ನೇರವಾಗಿ ಒಳಗೆ ಬೀಳುತ್ತಿತ್ತು. ಮಲಂಗಸಾಬರು ಎಡಗಡೆಯ ಕನ್ನಡಿಯನ್ನೇ ನೋಡುತ್ತ ಕೂತಿದ್ದರು. ಅವನಿಗೆ ಕಂಡದ್ದು ಕಿವಿ ಮತ್ತು ಕುತ್ತಿಗೆ ಮಾತ್ರ.

“ಚಾಚಾ, ನಿಮ್ಮ ಟ್ರಿಪ್ ನೀವು ತಗೋರಿ. ನಾ ಕಾಲೇಜ್ ಬಸ್ಸಿಗೆ ಬರ್ತೀನಿ.”

“ಯಾಕ?”

“ನಾ ಆವತ್ತು ಹಂಗ ಮಾತಾಡಬಾರದಿತ್ತು. ತಪ್ಪಾತು.”

“ತಪ್ಪೇನಿಲ್ಲ. ಖರೇನ ಹೇಳಿದಿ. ನಿಂದು ಇನ್ನೂ ಎರಡೂ ಕಡಿ ನೆಟ್ಟಗೈತಿ, ಉಳಸ್ಕೊ. ನನಗ ಇನ್ನ ಯಾ ಟ್ರಿಪ್ ಆದ್ರೇನು?”

“ಚಾಚಾ, ಒಂದ್ಸಲ ಈ ಕಡಿ ನೋಡ್ರಿ. ಕೈ ಮುಗೀತೀನಿ.”

ಮಲಂಗಸಾಬರು ಗೇರು ಹಾಕಿದರು. “ಹಿಂದ ಗಾಡಿ ನಿಂತಾವ. ದಾರಿ ಬಿಡು, ಚನ್ನೇಶ.”

ಮೊದಲಿನ ಹಾಗೆ ಲೇ ಚನ್ಯಾ ಎಂದು ಬೈದಿದ್ದರೆ ಅವನು ಅಲ್ಲೇ ಅತ್ತುಬಿಡುತ್ತಿದ್ದ. ಬಸ್ಸು ಹೊರಟಿತು. ಮೊದಲಿನ ಹುಡುಗಿಯರು ಕಿಟಕಿಯಿಂದ ಅವನನ್ನು ನೋಡಿ ಕೈ ಬೀಸಿದರು. ಅವನು ರಸ್ತೆಯ ಅಂಚಿಗೆ ಸರಿದು, ಮೋಟೆಬೆನ್ನೂರಿನ ಕಡೆ ಹೋಗುತ್ತಿದ್ದ ಬಸ್ಸನ್ನೇ ನೋಡುತ್ತ ನಿಂತುಬಿಟ್ಟ.

ಅವನ ಬಸ್ಸಿನಿಂದ ಅಗಡಿಯ ಜಯವ್ವ ತಲೆ ಹೊರಗೆ ಹಾಕಿದಳು. ದಿನವೆಲ್ಲ ಹೊಲದಲ್ಲಿ ದುಡಿದು ವಯಸ್ಸು ಕಳೆದವಳು, ಈಗ ಬೀಜ ಆರಿಸಲು ಹೋಗುತ್ತಿದ್ದಳು. “ಬಿಸಿಲಾಗ ಯಾಕ ನಿಂತೀಯೋ ತಮ್ಮಾ? ಮಾರಿ ಸುಡತೈತಿ, ಲಗೂ ಹತ್ತು ಬಾ.”

ಬಲಗೆನ್ನೆ ಚುರುಗುಟ್ಟುತ್ತಿತ್ತು. ಚನ್ನೇಶ ಕೈ ಅಡ್ಡ ಹಿಡಿಯಲಿಲ್ಲ.